ಅಂಜುತ್ತಲೇ ಬಿಡುತ್ತಿದ್ದ ಹೆಡ್‌ಸರ್

ನಾನು ಕಂಡವರಲ್ಲಿ ನಮ್ಮ ಹೆಡ್‌ಸರ್‌ ಅವರಷ್ಟು ಅಂಜುವ ಮನುಷ್ಯರು ಇನ್ನೊಬ್ಬರಿಲ್ಲ. ಮಕ್ಕಳು ಮೆಟ್ಟಿಲು ಇಳಿದರೆ ಅಂಜಿಕೆ, ಗಾಳಿ ಜೋರಾಗಿ ಬೀಸಿದರೆ ಅಂಜಿಕೆ. ಬಿಸಿಯೂಟದ ಸಾರಿನ ಪಾತ್ರೆ ಒಲೆಯಿಂದ ಇಳಿಯುವ ತನಕ ಅಡುಗೆಕೋಣೆಯ ಬಾಗಿಲು ಬಿಟ್ಟು ಕದಲುತ್ತಿರಲಿಲ್ಲ. ಅವರ ಚೀಲದಲ್ಲಿ ಹತ್ತಿ, ಪಟ್ಟಿ, ಟಿಂಕ್ಚರ್ ಬಾಟಲಿ ಸದಾ ಇರುತ್ತಿದ್ದವು. ಮಕ್ಕಳು ಎಲ್ಲಿ ಗುಂಪಾಗಿ ಕಂಡರೂ ಅವರ ತುಟಿ ತಾನಾಗಿ ಅಲುಗಾಡಲು ಶುರುವಾಗುತ್ತಿತ್ತು. ಸದ್ದಿಲ್ಲದೆ ತಲೆ ಎಣಿಸುತ್ತಿದ್ದರು. ಶಾಲೆಗೆ ಹೊಸದಾಗಿ ಬಂದ ಶಿಕ್ಷಕರು, ಸರ್ ಯಾವುದೋ ಜಪ ಮಾಡುತ್ತಾರೆ ಎಂದೇ ತಿಳಿಯುತ್ತಿದ್ದರು. ನಾನೂ ಮೊದಮೊದಲು ಹಾಗೇ ತಿಳಿದಿದ್ದೆ.

ಆದರೆ ವಾಡಿಯ ನಮ್ಮ ಸರಕಾರಿ ಶಾಲೆಯಲ್ಲಿ ಮಕ್ಕಳನ್ನು ಅವರಷ್ಟು ಸ್ವತಂತ್ರವಾಗಿ ಬಿಟ್ಟವರೂ ಇನ್ನೊಬ್ಬರಿಲ್ಲ. ಹೋದ ತಿಂಗಳು ಸೇಡಂನಲ್ಲಿ ಅವರು ತೀರಿಕೊಂಡ ಸುದ್ದಿ ಬಂದಾಗಿನಿಂದ ಈ ಎರಡನ್ನೂ ಒಂದೇ ಮನುಷ್ಯನಲ್ಲಿ ಹೊಂದಿಸಿಕೊಳ್ಳಲು ನೋಡುತ್ತಿದ್ದೇನೆ.

ವಾಡಿಯಲ್ಲಿದ್ದವರಿಗೆ ಗೊತ್ತು, ಊರು ರೈಲು ಹಳಿಯ ಆಚೆಗರ್ಧ, ಈಚೆಗರ್ಧ. ಸಿಮೆಂಟು ತುಂಬಿಕೊಳ್ಳಲು ಬಂದ ಗೂಡ್ಸ್ ಗಾಡಿಗಳು ಗಂಟೆಗಟ್ಟಲೆ ನಿಂತಿರುತ್ತವೆ. ಮೇಲ್ಸೇತುವೆ ಹತ್ತಿ ಇಳಿಯಲು ಬೇಸರಪಟ್ಟು ಮಕ್ಕಳು ಡಬ್ಬಿಗಳ ಕೆಳಗೆ ನುಸುಳಿ ಶಾಲೆಗೆ ಬರುತ್ತಿದ್ದವು. ಹಿಂದಿನ ಹೆಡ್‌ಮಾಸ್ತರರು ಹೊಡೆದು ನೋಡಿದ್ದರು, ಪಾಲಕರನ್ನು ಕರೆಸಿ ನೋಡಿದ್ದರು. ಹೊಡೆತ ತಿಂದ ಮಕ್ಕಳು ಮರುದಿನ ಇನ್ನಷ್ಟು ದೂರದಲ್ಲಿ, ಯಾರೂ ಕಾಣದ ಕಡೆ ನುಸುಳುತ್ತಿದ್ದವು.

ಇವರು ಬಂದ ಮೇಲೆ ಒಂದು ದಿನ ಐದು, ಆರು, ಏಳನೇ ಇಯತ್ತೆಯ ಮಕ್ಕಳನ್ನೆಲ್ಲ ಮೇಲ್ಸೇತುವೆಯ ಮೇಲೆ ಕರೆದುಕೊಂಡು ಹೋಗಿ ನಿಲ್ಲಿಸಿದರು. ನಾನೂ ಜೊತೆಗಿದ್ದೆ. ಕೆಳಗೆ ಒಂದು ಉದ್ದನೆಯ ಗೂಡ್ಸ್ ಗಾಡಿ. ಬಿಸಿಲಲ್ಲಿ ಕಾದೆವು, ಮಕ್ಕಳಿಗೆ ಬೇಜಾರು ಬಂತು. ಒಮ್ಮೆಲೇ, ಸೀಟಿ ಗೀಟಿ ಏನೂ ಇಲ್ಲದೆ, ಎಂಜಿನ್ ಕಡೆಯಿಂದ ಧಡ್ ಅಂತ ಒಂದು ಸಪ್ಪಳ ಹುಟ್ಟಿ ಡಬ್ಬಿಯಿಂದ ಡಬ್ಬಿಗೆ ಓಡಿ ಬಂದು ನಮ್ಮ ಕಾಲಡಿಗೆ ಹಾದು ಹೋಯಿತು. ಅಲುಗಾಡದೆ ಮಲಗಿದ್ದ ಗಾಡಿ ಪೂರ್ತಿಯಾಗಿ ಜಗ್ಗಿತು. ಮಕ್ಕಳು ಗಪ್ಪಾದವು.

"ಅದರ ಕೆಳಗ ಹೋಗಾಕ ನಿಮಗ ಎಷ್ಟೊತ್ತು ಬೇಕು?" ಎಂದು ಕೇಳಿದರು.

ಮಕ್ಕಳು ಕಂಬಿಯಿಂದ ಬಗ್ಗಿ ಕೆಳಗೆ ನೋಡಿದವು.

"ನಾ ಹೋಗಬ್ಯಾಡ್ರಿ ಅನ್ನಾಂಗಿಲ್ಲ. ಅಂದ್ರ ನಾ ಕಾಣದ ಕಡೆ ಹೋಗ್ತೀರಿ. ನೀವೇ ಮಾತಾಡಿಕೊಂಡು ನನಗ ಹೇಳ್ರಿ."

ಮಕ್ಕಳು ಎರಡು ದಿನ ಜಗಳಾಡಿದವು. ಕೊನೆಗೆ ತಾವೇ ಒಂದು ಕಟ್ಟಳೆ ಮಾಡಿಕೊಂಡವು: ಸಣ್ಣವರ ಕೈ ಹಿಡಿದು ದೊಡ್ಡವರು ಸೇತುವೆ ದಾಟಿಸಬೇಕು. ಆ ಎರಡು ದಿನವೂ ಸರ್ ಊಟ ಸರಿಯಾಗಿ ಮಾಡಲಿಲ್ಲ. ಬೆಳಿಗ್ಗೆ ಶಾಲೆ ತೆರೆಯುವ ಮೊದಲೇ ಹಳಿಯ ಪಕ್ಕದ ಬೇವಿನ ಮರದ ಹಿಂದೆ ನಿಂತಿರುತ್ತಿದ್ದರಂತೆ. "ಇಷ್ಟು ಅಂಜೂವರು ಹೊಡದಾದ್ರೂ ನಿಲ್ಲಿಸಬೇಕಿತ್ತಲ್ರಿ" ಎಂದೆ. ಅವರು ಹೇಳಿದ್ದು ನನಗೆ ಈಗಲೂ ನೆನಪಿದೆ: "ಟೀಚರ್, ಬಿಡೋದು ಬ್ಯಾರೆ, ಬಿಟ್ಟುಬಿಡೋದು ಬ್ಯಾರೆ. ನಾ ಬಿಡಾಕತ್ತೀನಿ, ಬಿಟ್ಟುಬಿಟ್ಟಿಲ್ಲ."

ತಮ್ಮ ಅಂಜಿಕೆ ಎಲ್ಲಿಂದ ಬಂತೆಂದು ಒಮ್ಮೆ ಅವರೇ ನಕ್ಕು ಹೇಳಿದ್ದರು. ಅವರ ತಂದೆ ಭಾಳ ಪ್ರೀತಿಯವರಂತೆ, ಮಗನನ್ನು ಒಂದು ಹೆಜ್ಜೆ ಒಬ್ಬನೇ ಇಡಗೊಡದವರು. ಶಿಕ್ಷಕರ ತರಬೇತಿಗೆ ಸೇರಿದಾಗಲೂ ಕೈ ಹಿಡಿದು ತರಗತಿಯ ಬಾಗಿಲ ತನಕ ಬಂದು ಬಿಟ್ಟು ಹೋದರಂತೆ. ಮೊದಲ ಸಲ ಒಬ್ಬರೇ ರೈಲು ಹತ್ತಿದಾಗ ಇವರಿಗೆ ಮೀಸೆ ಬಂದಿತ್ತು. ಸೇಡಂನಲ್ಲಿ ಇಳಿಯಬೇಕಾದವರು, ಜನರನ್ನು ಕೇಳಲು ನಾಚಿಕೆಯಾಗಿ, ಚಿತ್ತಾಪುರದಲ್ಲೇ ಇಳಿದು ಪ್ಲಾಟ್‌ಫಾರ್ಮಿನ ಮೇಲೆ ಅಳುತ್ತಾ ಕುಳಿತರಂತೆ. "ಈ ಅಂಜಿಕಿ ನಮ್ಮಪ್ಪ ನನಗ ಬಿಟ್ಟು ಹೋದ ಆಸ್ತಿರಿ. ಇದನ್ನ ಸಾಲಿ ಮಕ್ಕಳಿಗೆ ಹಂಚಾಂಗಿಲ್ಲ" ಎಂದಿದ್ದರು.

ಮುಂದೆ ಆದದ್ದನ್ನೂ ಬರೆಯಬೇಕು.

ಆ ವರ್ಷ ನನ್ನ ಮಗಳು ಶ್ರೀದೇವಿ ನಮ್ಮ ಶಾಲೆಯಲ್ಲೇ ಏಳನೇ ಇಯತ್ತೆಯಲ್ಲಿದ್ದಳು. ಪ್ರವಾಸದ ಮಾತು ಬಂದಾಗ ಮಕ್ಕಳು ಈ ಸಲ ನಾವೇ ಜಾಗ ಆರಿಸುತ್ತೇವೆ, ನಾವೇ ಹೋಗಿ ಬರುತ್ತೇವೆ ಎಂದವು. ಆರಿಸಿದ್ದು ಶಹಾಬಾದ್. ನಮ್ಮ ಮನೆಗಳ ನೆಲಕ್ಕೆಲ್ಲ ಹಾಸಿರುವ ಆ ಕಲ್ಲನ್ನು ಹೇಗೆ ಕೊಯ್ದು ಪಾಲಿಶ್ ಮಾಡುತ್ತಾರೆಂದು ನೋಡಬೇಕಂತೆ. ರೈಲಿನಲ್ಲಿ ಸ್ವಲ್ಪ ಹೊತ್ತಿನ ದಾರಿ. ಸರ್ ಒಪ್ಪಿಕೊಂಡರು, ಆದರೆ ಒಂದು ವಾರ ಪ್ರಶ್ನೆ ಕೇಳಿ ಕೇಳಿ ಮಕ್ಕಳ ಪ್ರಾಣ ತಿಂದರು. ಗಾಡಿ ತಡವಾದರೆ? ಟಿಕೇಟು ಯಾರ ಹತ್ತಿರ? ಒಬ್ಬರು ತಪ್ಪಿಸಿಕೊಂಡರೆ? ಮಕ್ಕಳು ಒಂದೊಂದಕ್ಕೂ ಉತ್ತರ ಹುಡುಕಿಕೊಂಡು ಬಂದವು. ತಪ್ಪಿಸಿಕೊಂಡವರು ನಿಂತ ಜಾಗ ಬಿಟ್ಟು ಕದಲಬಾರದು. ಗಾಡಿ ಹತ್ತುವ ಮೊದಲೊಮ್ಮೆ, ಹತ್ತಿದ ಮೇಲೊಮ್ಮೆ ತಲೆ ಎಣಿಸಬೇಕು. ಆ ಕೆಲಸಕ್ಕೆ ಮಕ್ಕಳೇ ರೇಷ್ಮಾಳನ್ನು ಆರಿಸಿದವು. ಮಾತು ಕಡಿಮೆ, ಕೆಲಸ ಗಟ್ಟಿ, ಅಂಥ ಹುಡುಗಿ.

ಪೂರ್ತಿ ಒಂಟಿಯಾಗಿ ಏನೂ ಕಳಿಸಲಿಲ್ಲ. ನಮ್ಮ ಚಿತ್ರಕಲಾ ಮಾಸ್ತರರ ಮನೆ ಶಹಾಬಾದಿನಲ್ಲೇ ಇತ್ತು. ಅವರು ಅಲ್ಲಿಯ ಸ್ಟೇಷನ್ನಿನಲ್ಲಿ ಮಕ್ಕಳನ್ನು ಇಳಿಸಿಕೊಂಡು, ಕಲ್ಲಿನ ಕಾರ್ಖಾನೆ ತೋರಿಸಿ, ಸಂಜೆಯ ಪ್ಯಾಸೆಂಜರಿಗೆ ಹತ್ತಿಸಬೇಕು. ಈ ಕಡೆ ವಾಡಿಯಲ್ಲಿ ಬೆಳಿಗ್ಗೆ ಹತ್ತಿಸುವವಳು, ಸಂಜೆ ಇಳಿಸಿಕೊಳ್ಳುವವಳು ನಾನು. ನಡುವಿನ ರೈಲಿನ ದಾರಿ ಮಾತ್ರ ಮಕ್ಕಳದು. ನನ್ನ ಗಂಡ ರೈಲ್ವೆಯಲ್ಲಿ ಕೆಲಸ ಮಾಡುವವರು, ಹಳಿಯ ಮೇಲೆ ಏನೇನು ಆಗುತ್ತದೆಂದು ಕಂಡವರು. "ನಿಮ್ಮ ಹೆಡ್‌ಸರ್‌ಗೆ ತಲಿ ಕೆಟ್ಟದೇನು?" ಎಂದು ಕೂಗಾಡಿದರು. ಶ್ರೀದೇವಿ ಎರಡು ದಿನ ಅಪ್ಪನ ಜೊತೆ ಮಾತು ಬಿಟ್ಟ ಮೇಲೆ ಒಪ್ಪಿದರು.

ಬೆಳಿಗ್ಗೆ ಎಲ್ಲವೂ ಸುಸೂತ್ರವಾಯಿತು. ಸಂಜೆ ನಾನು ಹೊತ್ತಿಗೆ ಮೊದಲೇ ಪ್ಲಾಟ್‌ಫಾರ್ಮಿಗೆ ಹೋಗಿ ನಿಂತೆ. ಗಾಡಿ ಬಂತು. ಮಕ್ಕಳು ಒಬ್ಬರ ಹಿಂದೊಬ್ಬರು ಕಲ್ಲಿನ ಧೂಳು ಮೆತ್ತಿಕೊಂಡ ಬಟ್ಟೆಯಲ್ಲಿ, ಕೈಯಲ್ಲಿ ಒಂದೊಂದು ಕಲ್ಲಿನ ಚೂರು ಹಿಡಿದುಕೊಂಡು ಕಿಲಕಿಲ ಎಂದು ಇಳಿದವು. ನಾನು ಶ್ರೀದೇವಿ ಈಗ ಇಳಿಯುತ್ತಾಳೆ, ಈಗ ಇಳಿಯುತ್ತಾಳೆ ಎಂದು ಬಾಗಿಲನ್ನೇ ನೋಡುತ್ತಿದ್ದೆ. ಬಾಗಿಲು ಖಾಲಿಯಾಯಿತು. ಅದೇ ಹೊತ್ತಿಗೆ ಹಿಂದಿನ ಡಬ್ಬಿಯಿಂದ ಹೆಡ್‌ಸರ್ ಇಳಿದರು.

ಅವರು ಶಾಲೆಯಲ್ಲಿರಬೇಕಾಗಿತ್ತು. ಆದರೆ ಮಧ್ಯಾಹ್ನದ ಹೊತ್ತಿಗೆ ತಡೆಯಲಾರದೆ ಬಸ್ಸು ಹಿಡಿದು ಶಹಾಬಾದಿಗೆ ಹೋಗಿದ್ದರು. ಸ್ಟೇಷನ್ನಿನ ಚಹಾದಂಗಡಿಯ ಮರೆಯಲ್ಲಿ ನಿಂತಿದ್ದು, ಮಕ್ಕಳು ಹತ್ತಿದ ಮೇಲೆ ಹಿಂದಿನ ಡಬ್ಬಿ ಹತ್ತಿದ್ದರು. ಮಕ್ಕಳ ಕಡೆ ನೋಡಿ ಅವರ ತುಟಿ ಅಲುಗಾಡತೊಡಗಿತು. ಕೊನೆಗೆ ಬಂದು ನಿಂತಿತು. ಮತ್ತೆ ಮೊದಲಿನಿಂದ ಶುರುವಾಯಿತು.

"ಶ್ರೀದೇವಿ ಎಲ್ಲಿ?" ಎಂದೆ.

"ನೀರು ತುಂಬಕೊಂಡು ಬರ್ತೀನಿ ಅಂತ ಹೋಗಿದ್ಳು. ಆ ಕಡೆ ಬಾಗಲದಾಗ ಹತ್ಯಾಳ ಅಂದ್ಕೊಂಡ್ವಿ" ಎಂದಳು ಒಬ್ಬಳು.

"ರೇಷ್ಮಾ, ನೀ ಎಣಿಸಲಿಲ್ಲೇನು?" ಸರ್ ಕೇಳಿದರು.

ರೇಷ್ಮಾ ಬಿಳಿಚಿಕೊಂಡಳು. "ಎಣಸಾಕಿ ಇದ್ದೆ ಸರ್. ನೀವು ಚಹಾದಂಗಡಿ ಹಿಂದ ನಿಂತಿದ್ದು ಕಾಣ್ತು. ಸರ್ ಬಂದಾರ, ಅವರೇ ಎಣಿಸ್ಯಾರ ಅಂದ್ಕೊಂಡೆ."

ಚಿತ್ರಕಲಾ ಮಾಸ್ತರರಿಗೆ ಫೋನು ಮಾಡಿದೆವು. ಅವರು ಆಗಲೇ ಮನೆಯಲ್ಲಿದ್ದರು. "ಹೆಡ್‌ಸರ್ ಬಂದದ್ದು ನೋಡಿ, ಅವರು ಹತ್ತಿಸ್ತಾರ ಅಂತ ನಾ ಗಾಡಿ ಬರೂಕ್ಕಿಂತ ಮೊದಲೇ ಬಂದೆ" ಎಂದರು. ಇನ್ನು ಹೆಡ್‌ಸರ್, ಜೀವಮಾನವೆಲ್ಲ ತಲೆ ಎಣಿಸಿದವರು, ಆ ಹೊತ್ತಿನಲ್ಲಿ ಮಾತ್ರ ಎಣಿಸಿರಲಿಲ್ಲ. ಮಕ್ಕಳಿಗೆ ಕಾಣಬಾರದೆಂದು ಕಂಬದ ಕಡೆ ಮುಖ ತಿರುಗಿಸಿ ನಿಂತಿದ್ದರು.

ನನ್ನ ಗಂಡ ಡ್ಯೂಟಿಯಿಂದ ಓಡಿ ಬಂದು ಶಹಾಬಾದ್ ಸ್ಟೇಷನ್ನಿನ ಪರಿಚಯದವರಿಗೆ ಫೋನು ಮಾಡಿದರು. ಅವರು ಪ್ಲಾಟ್‌ಫಾರ್ಮ್ ಪೂರ್ತಿ ಹುಡುಕಿ ಹೇಳಿದರು: ನೀರಿನ ನಲ್ಲಿಯ ಹತ್ತಿರ ಒಂದು ಹುಡುಗಿ ನಿಂತಿದ್ದಳಂತೆ, ಈಗ ಇಲ್ಲ.

ನಿಂತ ಜಾಗ ಬಿಟ್ಟು ಕದಲಬಾರದೆಂದು ತಾನೇ ಕಟ್ಟಳೆ ಮಾಡಿದವಳು ಕದಲಿದ್ದಾಳೆ ಅಂದರೆ ಯಾರೋ ಒಯ್ದಿದ್ದಾರೆ. ನನ್ನ ತಲೆಗೆ ಹೊಳೆದದ್ದು ಅದೊಂದೇ. ಒಂದು ಜೀಪು ಮಾಡಿಕೊಂಡು ಹೊರಟೆವು. ದಾರಿಯುದ್ದಕ್ಕೂ ಕಲ್ಲು ತೆಗೆದ ಕಣಿಗಳು, ಅವುಗಳಲ್ಲಿ ಹಸಿರುಗಟ್ಟಿ ನಿಂತ ನೀರು. ದಿನವೂ ಕಾಣುವ ಆ ಕಣಿಗಳನ್ನು ಆವತ್ತು ನನಗೆ ನೋಡಲಾಗಲಿಲ್ಲ. ಒಂದರ ಮೇಲೊಂದು ಫೋನು. ಪಾಲಕರದು, ನೆಂಟರದು, ಸಿಕ್ಕಳೇನು, ಸಿಕ್ಕಳೇನು. ಗಂಡ ಯಾರಿಗೋ ಫೋನಿನಲ್ಲಿ ಕಿರುಚುತ್ತಿದ್ದರು. ಹೆಡ್‌ಸರ್ ಹಿಂದಿನ ಸೀಟಿನ ತುದಿಗೆ ಕುಳಿತು ತಮ್ಮ ಟವೆಲ್ಲಿನ ಅಂಚು ಬಾಯಲ್ಲಿ ಕಚ್ಚಿಕೊಂಡಿದ್ದರು. ಒಮ್ಮೆ ಮಾತ್ರ, ನನಗೆ ಹೇಳುವಂತೆಯೂ ಅಲ್ಲ, "ನಾ ಹೋಗದಿದ್ರ ಆಕಿ ಎಣಿಸ್ತಿದ್ಳು" ಎಂದರು. ನಾನು ತಿರುಗಿ ನೋಡಲಿಲ್ಲ. ಆಗ ನನಗೆ ಅವರ ಮುಖ ಬೇಡವಾಗಿತ್ತು.

ಶಹಾಬಾದ್ ಹತ್ತಿರ ಬಂದಾಗ ಗುರುತಿಲ್ಲದ ನಂಬರಿನಿಂದ ನನ್ನ ಫೋನಿಗೆ ಕರೆ ಬಂತು. ಹೆಂಗಸಿನ ದನಿ.

"ಏನವ್ವ, ಆಗಿಂದ ಹಚ್ಚಾಕತ್ತೀನಿ, ನಿನ್ನ ಫೋನು ಖಾಲೀನೇ ಆಗವಲ್ಲದು! ನಿಮ್ಮ ಪೋರಿ ನಮ್ಮ ತಾಕ, ಪಾಲಿಶ್ ಕಾರ್ಖಾನ್ಯಾಗ ಅದಾಳ. ಫಿಕರ್ ಮಾಡಬ್ಯಾಡ, ಬಾ."

ಮಕ್ಕಳು ಮಧ್ಯಾಹ್ನ ನೋಡಿ ಬಂದಿದ್ದ ಕಲ್ಲಿನ ಪಾಲಿಶ್ ಕಾರ್ಖಾನೆ ಅದು. ಅಲ್ಲಿ ಕೆಲಸ ಮಾಡುವ ಒಬ್ಬ ಹೆಣ್ಣುಮಗಳ ಪಕ್ಕದಲ್ಲಿ ನನ್ನ ಮಗಳು ಮಿರ್ಚಿ ಭಜಿ ತಿನ್ನುತ್ತಾ ಕುಳಿತಿದ್ದಳು. ನನ್ನನ್ನು ಕಂಡದ್ದೇ ಎದ್ದು ಬಂದಳು. ತಬ್ಬಿಕೊಂಡೆ, ಬೆನ್ನ ಮೇಲೆ ಎರಡು ಹೊಡೆದೆ, ಮತ್ತೆ ತಬ್ಬಿಕೊಂಡೆ. "ನಿಂತಲ್ಲೇ ನಿಲ್ಲಬೇಕಂತ ಗೊತ್ತಿದ್ದಿಲ್ಲೇನು ನಿನಗ?"

"ನಿಂತಿದ್ದೆ ಅವ್ವ. ಒಬ್ಬಾವ ಬಂದು, ನಿಮ್ಮ ಸರ್ ಹೊರಗ ಗಾಡಿ ತಂದಾರ, ಬಾ ಅಂದ. ಯಾವ ಸರ್, ಹೆಸರು ಹೇಳು ಅಂದೆ. ಹೇಳಲಿಲ್ಲ. ಬಾಜೂ ಹೋಗಿ ನಿಂತು ನನ್ನೇ ನೋಡಾಕತ್ತ. ಇಲ್ಲಿ ನಿಂದ್ರೂದು ಚಲೋ ಇಲ್ಲ ಅನಸ್ತು. ಒಬ್ಬ ಮುತ್ಯಾ, ಮುದುಕಿ ಹೊರಗ ಹೊಂಟಿದ್ರು, ಅವರ ಜೋಡಿ ನಡಕೋತ ಬಂದುಬಿಟ್ಟೆ. ಈ ಕಾಕಿ ಮಧ್ಯಾಹ್ನ ನಮಗೆಲ್ಲ ನೀರು ಕೊಟ್ಟಿದ್ಳು, ಇಲ್ಲೇ ಇರ್ತಾಳಂತ ಗೊತ್ತಿತ್ತು."

ಒಂದು ವಾರ ಕೇಳಿದ ಅಷ್ಟು ಪ್ರಶ್ನೆಗಳಲ್ಲಿ ಇದೊಂದನ್ನು ಸರ್ ಕೇಳಿರಲಿಲ್ಲ. ಈ ಉತ್ತರವನ್ನು ನಾವು ಯಾರೂ ಕಲಿಸಿರಲಿಲ್ಲ. ಬಾಗಿಲಲ್ಲಿ ನಿಂತು ಕೇಳುತ್ತಿದ್ದ ಸರ್ ಅಲ್ಲೇ ಜೋಡಿಸಿಟ್ಟ ಕಲ್ಲುಗಳ ಮೇಲೆ ಕುಳಿತುಬಿಟ್ಟರು. ಆ ಹೆಣ್ಣುಮಗಳೇ ಅವರಿಗೆ ನೀರು ಕೊಡಬೇಕಾಯಿತು.

ಮರುದಿನ ಶಾಲೆಯ ಅಂಗಳದಲ್ಲಿ ಪಾಲಕರು ತುಂಬಿಕೊಂಡರು. ಒಬ್ಬರು, "ಮಕ್ಕಳ ಕೈಯಾಗ ಎಲ್ಲಾ ಕೊಟ್ಟು ನೀವೇನು ಪಗಾರ ಎಣಿಸ್ತೀರೇನ್ರಿ?" ಎಂದರು. ಇನ್ನೊಬ್ಬರು, "ಎಣಿಸಾಕ ಇಟ್ಟಿದ್ದು ಆ ರೇಷ್ಮಾನ್ನ. ಆಕಿಗೆ ಕೇಳ್ರಿ ಮೊದಲ" ಎಂದರು. ರೇಷ್ಮಾಳ ಅಪ್ಪ ಆಟೋ ಓಡಿಸುವವರು. ಅವರು ತಲೆ ತಗ್ಗಿಸಿ ನಿಂತಿದ್ದರು. ರೇಷ್ಮಾ ಅವರ ಹಿಂದೆ ಅಡಗಿದ್ದಳು.

ಸರ್ ಎದ್ದು ನಿಂತರು.

"ಆಕಿಗೆ ಕೇಳಬ್ಯಾಡ್ರಿ. ನನಗ ಕೇಳ್ರಿ" ಎಂದರು. "ಮಕ್ಕಳನ್ನ ಬಿಟ್ಟಿದ್ದು ತಪ್ಪು ಅಂತ ನಾ ಇವತ್ತೂ ಅನ್ನಾಂಗಿಲ್ಲ. ಬಿಟ್ಟೀನಿ ಅಂತ ಬಾಯಿಲೆ ಹೇಳಿ, ಕದ್ದು ಬೆನ್ನ ಹತ್ತಿದೆ ನೋಡ್ರಿ, ಅದು ತಪ್ಪು. ನಾ ಪೂರಾ ಜೋಡಿಗೆ ಹೋಗಿದ್ರ ನಾನೇ ಎಣಿಸ್ತಿದ್ದೆ. ಪೂರಾ ಬಿಟ್ಟಿದ್ರ ಅವು ಎಣಿಸ್ತಿದ್ವು. ನಾ ಅರ್ಧಾ ಹೋದೆ."

ಆಮೇಲೆ ಜನರ ನಡುವೆ ದಾರಿ ಮಾಡಿಕೊಂಡು ರೇಷ್ಮಾಳ ಹತ್ತಿರ ಹೋಗಿ ಬಗ್ಗಿ ನಿಂತರು. "ನಿನಗ ಒಂದು ಕೆಲಸ ಕೊಟ್ಟಿದ್ದೆವ್ವ. ಕೊಟ್ಟು ನಾನೇ ಕಸಗೊಂಡೆ. ನನ್ನ ತಪ್ಪಾಗ್ಯಾದ."

ಹುಡುಗಿ ಅಪ್ಪನ ಬೆನ್ನ ಹಿಂದಿನಿಂದ ಹೊರಗೆ ಬಂದಳು. ಅಳುತ್ತಲೇ, ಆದರೆ ಎಲ್ಲರಿಗೂ ಕೇಳುವಂತೆ ಹೇಳಿದಳು: "ಇಲ್ರಿ ಸರ್. ನೀವು ಬಂದ್ರೂ ನಾ ಎಣಿಸಬೇಕಿತ್ತು."

ಪಾಲಕರು ಒಬ್ಬೊಬ್ಬರಾಗಿ ಹೊರಟರು. ಆದರೆ ಮಾತು ಅಲ್ಲಿಗೇ ಮುಗಿಯಲಿಲ್ಲ. ಇಲಾಖೆಗೆ ದೂರು ಹೋಯಿತು, ಅದಕ್ಕೆ ನನ್ನ ಗಂಡನೂ ಸಹಿ ಹಾಕಿದರು. ಅವರ ಸಿಟ್ಟು ಸುಳ್ಳಾಗಿರಲಿಲ್ಲ, ನಾನು ತಡೆಯಲಿಲ್ಲ. ನಿವೃತ್ತಿ ಹತ್ತಿರ ಬಂದಿದ್ದ ಸರ್‌ ಅವರನ್ನು ಚಿಂಚೋಳಿ ತಾಲ್ಲೂಕಿನ ಆ ತುದಿಗೆ, ಕುಂಚಾವರಂ ಕಡೆಯ ಒಂದು ಸಣ್ಣ ತಾಂಡಾದ ಶಾಲೆಗೆ ಕಳಿಸಿದರು. ಯಾರ ಮೇಲೂ ಒಂದು ಮಾತು ಆಡದೆ ಹೋದರು. ಅವರು ಹೋದ ಮೇಲೆ ನಮ್ಮ ಶಾಲೆಯ ಪ್ರವಾಸಗಳು ನಿಂತವು. ಕೆಲವು ದಿನಗಳಲ್ಲಿ ಗೂಡ್ಸ್ ಗಾಡಿಯ ಕೆಳಗೆ ನುಸುಳುವ ಮಕ್ಕಳು ಮತ್ತೆ ಕಂಡವು. ನಾನು ಹೊಡೆಯಲೂ ಆಗದೆ, ಬಿಡಲೂ ಆಗದೆ, ದಿನಾ ಬೆಳಿಗ್ಗೆ ಸೇತುವೆಯ ಬುಡದಲ್ಲಿ ಹೋಗಿ ನಿಲ್ಲತೊಡಗಿದೆ.

ಮುಂದಿನ ಬೇಸಿಗೆಗೆ ಮೊದಲು ಶ್ರೀದೇವಿ ಸರ್‌ ಅವರನ್ನು ನೋಡಬೇಕೆಂದು ಹಟ ಹಿಡಿದಳು. ಇಬ್ಬರೂ ಹೋದೆವು. ಕಾಡಿನ ಅಂಚಿನ ಶಾಲೆ. ಮಕ್ಕಳಲ್ಲಿ ಕೆಲವರದು ಲಂಬಾಣಿ, ಕೆಲವರದು ತೆಲುಗು. ಸರ್ ಎರಡನೇ ಇಯತ್ತೆಯ ಮಕ್ಕಳಿಂದ ತೆಲುಗು ಕಲಿಯುತ್ತಿದ್ದರು, ಮಕ್ಕಳು ಅವರ ಉಚ್ಚಾರಕ್ಕೆ ಬಿದ್ದು ಬಿದ್ದು ನಗುತ್ತಿದ್ದವು. ಶಾಲೆ ಬಿಟ್ಟ ಮೇಲೆ ದೂರದ ಮನೆಯ ಮಕ್ಕಳ ಜೊತೆ ಕಾಡುದಾರಿಯಲ್ಲಿ ಹೊರಟರು. ಈಗ ಮರದ ಮರೆ ಇರಲಿಲ್ಲ. ಎಲ್ಲರ ಹಿಂದೆ, ಎಲ್ಲರಿಗೂ ಕಾಣುವಂತೆ ನಡೆಯುತ್ತಿದ್ದರು. "ನಾ ಹಿಂದ ಅದೀನಿ. ದಾರಿ ನೋಡೂದು ನಿಮ್ಮ ಕೆಲಸ, ಹಾವು ಕಂಡ್ರ ಓಡೂದು ನನ್ನ ಕೆಲಸ" ಎಂದು ಮಕ್ಕಳನ್ನು ನಗಿಸುತ್ತಿದ್ದರು.

ಆ ದಾರಿಯಲ್ಲೇ ಒಬ್ಬ ಹುಡುಗ, ಚಂದ್ರಂಪಳ್ಳಿ ಡ್ಯಾಮಿಗೆ ಈಜಲು ಯಾವಾಗ ಹೋಗೋಣ ಎಂದು ಕೇಳಿದ.

"ಹೋಗಾಂಗಿಲ್ಲ" ಎಂದರು ಸರ್.

"ನಾವೇ ಎಲ್ಲಾ ತಯಾರಿ ಮಾಡ್ತೀವಿ ಸರ್."

"ಏನು ಮಾಡಿದ್ರೂ ಇಲ್ಲ. ನನಗ ಈಜು ಬರಾಂಗಿಲ್ಲ, ನಿಮಗೂ ಬರಾಂಗಿಲ್ಲ. ಇದರಾಗ ಮಾತುಕತಿ ಇಲ್ಲ."

ನಾನು ಆಶ್ಚರ್ಯದಿಂದ ನೋಡಿದೆ. "ಎಲ್ಲಾದಕ್ಕೂ ಹೂಂ ಅಂದ್ರ ಅದೂ ಒಂಥರಾ ಓಡಿ ಹೋದಂಗೇ ಟೀಚರ್" ಎಂದರು. "ಎಲ್ಲಿ ಹೂಂ ಅನ್ನಬೇಕು, ಎಲ್ಲಿ ಇಲ್ಲ ಅನ್ನಬೇಕು ಅನ್ನೂದು ಮಾತ್ರ ನನಗ ಇನ್ನೂ ಪೂರಾ ತಿಳಿದಿಲ್ಲ. ರಾತ್ರಿ ನಿದ್ದಿ ಬರಾಂಗಿಲ್ಲ ಖರೇ."

ನಾನು ಅವರನ್ನು ನೋಡಿದ್ದು ಅದೇ ಕೊನೆ. ನಿವೃತ್ತರಾಗಿ ಸೇಡಂಗೆ ಹೋದರು, ಎದೆಯ ಬೇನೆ ಶುರುವಾಗಿತ್ತಂತೆ.

ತೀರಿಕೊಂಡ ಮೇಲೆ ಮಾತಾಡಿಸಿ ಬರಲು ಅವರ ಮನೆಗೆ ಹೋದೆ. ಅವರ ಮಗಳನ್ನು ನೋಡಿದ್ದು ಅದೇ ಮೊದಲು. ಬ್ಯಾಂಕಿನಲ್ಲಿ ಕೆಲಸ, ನನಗಿಂತ ಸ್ವಲ್ಪ ಚಿಕ್ಕವಳು. ಶಾಲೆಯ ಮಕ್ಕಳು ಅವರನ್ನು ಎಷ್ಟು ನೆನೆಯುತ್ತಾರೆಂದು ಹೇಳಿದೆ. ಅವಳು ಕೇಳಿಸಿಕೊಂಡು ಹೇಳಿದಳು:

"ನಿಮ್ಮ ಸಾಲಿ ಮಕ್ಕಳ ಮ್ಯಾಲ ನನಗ ಭಾಳ ಹೊಟ್ಟಿಕಿಚ್ಚಿತ್ರಿ ಟೀಚರ್. ಅವರಿಗೆ ರೈಲು. ನನಗ ಒಬ್ಬಾಕಿಗೆ ಬಸ್ಸೂ ಇಲ್ಲ. ಕಾಲೇಜಿಗೆ ಅಪ್ಪನೇ ಬಿಡಬೇಕು, ಅಪ್ಪನೇ ಕರಕೊಂಡು ಬರಬೇಕು. ಲಗ್ನ ಆದ ಮ್ಯಾಲ ಕದ್ದು ಸ್ಕೂಟಿ ಕಲಿತೆ. ಅಪ್ಪನ ಮುಂದ ಎಂದೂ ಹೊಡೀಲಿಲ್ಲ. ಗೊತ್ತಾದ ಮ್ಯಾಲ, ನಾ ಸ್ಕೂಟಿ ತೆಗದ್ರ ಒಳಗ ಹೋಗಿ ಕುಂದ್ರತಿದ್ರು."

ಇಷ್ಟು ವರ್ಷ ಜೊತೆಗಿದ್ದೂ ಈ ಮಗಳ ಅಪ್ಪನನ್ನು ನಾನು ಕಂಡೇ ಇರಲಿಲ್ಲ.

"ಅಪ್ಪ ಹೋಗೂಕ್ಕಿಂತ ಸ್ವಲ್ಪ ದಿನ ಮೊದಲ," ಎಂದಳು, "ಒಂದಿನ ಸಂಜಿಮುಂದ ತಾವೇ ಬಂದು ನನ್ನ ಸ್ಕೂಟಿ ಹಿಂದ ಕುಂತ್ರು. ಎಲ್ಲಿಗೆ ಹೋಗೂಣಪ್ಪ ಅಂದೆ. ಕಾಗಿಣಾ ಬ್ರಿಜ್ ತನಕ ನಡಿ, ನೀ ಹೆಂಗ ಹೊಡೀತಿ ಹಂಗೇ ಹೊಡಿ ಅಂದ್ರು. ರೋಡಿನ ತುಂಬ ಸಿಮೆಂಟ್ ಲಾರಿ. ಕನ್ನಡಿಯಾಗ ನೋಡಿದ್ರ ಕಣ್ಣು ಗಟ್ಟಿ ಮುಚ್ಚಿಕೊಂಡಾರ. ಹೋಗೂ ಮುಂದ, ಬರೂ ಮುಂದ, ಒಂದು ಸಲಾನೂ ಮೆಲ್ಲಗ ಅನ್ನಲಿಲ್ಲ ಟೀಚರ್."

ತನ್ನ ಬಲಭುಜವನ್ನು ಮುಟ್ಟಿಕೊಂಡಳು.

"ಇಲ್ಲಿ ಹಿಡದಿದ್ರು. ಮನಿಗೆ ಬಂದು ನೋಡಿದ್ರ, ಐದೂ ಬೆರಳು ಮೂಡಿದ್ವು."